ಮೊದಲ ಪುಸ್ತಕ, ಸಣ್ಣ ಪ್ರಕಾಶನ

(ನಮ್ಮ ಸಂಘದ ಉಪನ್ಯಾಸ ಮಾಲಿಕೆಯಲ್ಲಿ ಅತಿಥಿ ಲೇಖಕಿಯೊಬ್ಬರು ಮಾಡಿದ ಭಾಷಣದ ಬರಹರೂಪ. – ಸಂ.)



ನಾನು ವೃತ್ತಿಯಿಂದ ಲೇಖಕಿಯಲ್ಲ. ಅಮೆರಿಕೆಗೆ ಬಂದ ಮೇಲಿನ ನನ್ನ ದುಡಿಮೆಯ ದಿನಗಳೆಲ್ಲ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತದ ಮಾದರಿಗಳನ್ನು ಪರೀಕ್ಷಿಸುತ್ತ ಕಳೆದಿವೆ. ಹೀಗಿದ್ದೂ 2012ರಲ್ಲಿ ನನ್ನದೊಂದು ಕಥಾಸಂಕಲನ ಕರ್ನಾಟಕದ ಒಂದು ಸಣ್ಣ ಪ್ರಕಾಶನ ಸಂಸ್ಥೆಯಿಂದ ಹೊರಬಂತು. ಅಂದಿನಿಂದ ಸಂಘದ ಸಮಾರಂಭಗಳಲ್ಲಿ ಎದುರಾದವರು ನನಗೆ ಹಾಕುವ ಮೊದಲ ಪ್ರಶ್ನೆ ಒಂದೇ: “ಅಚ್ಚು ಹಾಕಿಸೋದಕ್ಕೆ ಎಷ್ಟು ಖರ್ಚಾಯಿತು?” ಕಥೆಗಳು ಯಾವುದನ್ನು ಕುರಿತವು ಎಂದು ಕೇಳಿದವರು ಕಡಿಮೆ. ಆ ಪ್ರಶ್ನೆಯನ್ನು ನಾನು ತಪ್ಪೆನ್ನುವುದಿಲ್ಲ. ಏಕೆಂದರೆ ಹಸ್ತಪ್ರತಿಯನ್ನು ಕಳುಹಿಸುವಾಗ ನನ್ನ ಮನಸ್ಸಿನಲ್ಲಿಯೂ ಅದೇ ಪ್ರಶ್ನೆಯಿತ್ತು. ಆ ಪ್ರಶ್ನೆಯಿಂದ ನಾನು ಹೇಗೆ ದೂರ ಬಂದೆ ಎಂಬುದನ್ನು ನಿಮ್ಮ ಮುಂದಿಡುವುದೇ ಈ ಸಂಜೆಯ ನನ್ನ ಉದ್ದೇಶ.

ಮೊದಲಿಗೆ ‘ಸಣ್ಣ ಪ್ರಕಾಶನ’ ಎಂದರೇನು? ಕನ್ನಡದಲ್ಲಿ ಇದು ಹೊಸ ಸಂಗತಿಯಲ್ಲ. ಕನ್ನಡ ಕಾದಂಬರಿಯ ಆದ್ಯರಲ್ಲೊಬ್ಬರಾದ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ಸುತ್ತಿ ಮಾರಿದವರು. ಬರೆದವರೇ ವ್ಯಾಪಾರಿಯೂ ಆಗಬೇಕಾಗಿದ್ದ ಕಾಲ ಅದು. ಅನಂತರ 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಓದುಗರು ಚಂದಾದಾರರಾಗುವುದು, ಪುಸ್ತಕ ಸಿದ್ಧವಾದಾಗ ಅಂಚೆಯ ಮೂಲಕ ಅದು ಅವರ ಮನೆ ಸೇರುವುದು – ಇದು ಅಂಥ ಮಾಲೆಗಳ ಕ್ರಮವಾಗಿತ್ತು. ಸುಭಾಸ ರಸ್ತೆಯಲ್ಲಿನ ಅದರ ಕಚೇರಿಯನ್ನು ಸಾಹಿತಿಗಳು ಪ್ರೀತಿಯಿಂದ ‘ಅಟ್ಟ’ ಎಂದು ಕರೆದರು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರ ಓದು ಆ ಅಟ್ಟದ ನಿಜವಾದ ಬಂಡವಾಳವಾಗಿತ್ತು.

ಆ ಅಟ್ಟದಿಂದ ಹೊರಬಂದ ಮೂರು ಪುಸ್ತಕಗಳನ್ನು ಹೊರನಾಡಿನ ಕನ್ನಡಿಗರಾದ ನಾವು ವಿಶೇಷವಾಗಿ ನೆನೆಯಬೇಕು. 1961ರಲ್ಲಿ ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ ಪ್ರಕಟವಾದಾಗ ಲೇಖಕರು ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದರು. 1965ರ ‘ಸಂಸ್ಕಾರ’ವನ್ನು ಅನಂತಮೂರ್ತಿಯವರು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. 1969ರ ‘ಹೊಕ್ಕುಳಲ್ಲಿ ಹೂವಿಲ್ಲ’ ಸಂಕಲನದ ಕವಿ ಎ. ಕೆ. ರಾಮಾನುಜನ್ ಅವರು ಆಗ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರು. ಮೂವರೂ ಸಮುದ್ರದಾಚೆ ಇದ್ದರು. ಮೂರು ಪುಸ್ತಕಗಳೂ ಧಾರವಾಡದ ಅದೇ ಅಟ್ಟದಿಂದ ಕನ್ನಡಕ್ಕೆ ಬಂದವು. ಕಾರ್ನಾಡರಿಗೆ 1998ರಲ್ಲಿ ಜ್ಞಾನಪೀಠ ಪ್ರಶಸ್ತಿ ಬಂತು. ಆದರೂ ತಮ್ಮ ಆತ್ಮಕಥನ ‘ಆಡಾಡತ ಆಯುಷ್ಯ’ವನ್ನು 2011ರಲ್ಲಿ, ಮೊದಲ ಪುಸ್ತಕ ಬಂದ 50 ವರ್ಷಗಳ ಮೇಲೆ, ಅವರು ಒಪ್ಪಿಸಿದ್ದು ಅದೇ ಸಂಸ್ಥೆಗೆ. ಈ ಸಂಬಂಧ ಕೇವಲ ವ್ಯವಹಾರದ್ದಾಗಿದ್ದರೆ ಇಷ್ಟು ಬಾಳುತ್ತಿರಲಿಲ್ಲ.

ಆ ಮಹನೀಯರ ಸಾಲಿನಲ್ಲಿ ನನ್ನನ್ನು ನಿಲ್ಲಿಸಿಕೊಳ್ಳುವ ಅವಿವೇಕ ನನಗಿಲ್ಲ. ಆದರೆ ದೂರದೇಶದಲ್ಲಿ ಕುಳಿತು ಬರೆಯುವವರಿಗೆ ಊರಿನಲ್ಲಿ ಒಬ್ಬ ನಿಷ್ಠುರ ಓದುಗ ಬೇಕು ಎಂಬ ಮಾತು ದೊಡ್ಡವರಿಗೂ ಚಿಕ್ಕವರಿಗೂ ಒಂದೇ.

ನನ್ನ ಪ್ರಕಾಶಕರು ಮಲೆನಾಡಿನ ಒಂದು ಊರಿನಲ್ಲಿ ನಿವೃತ್ತ ಕನ್ನಡ ಅಧ್ಯಾಪಕರು. ಅವರು ಮತ್ತು ಅವರ ಪತ್ನಿ, ಇಬ್ಬರೇ ಸಂಸ್ಥೆಯ ಸಿಬ್ಬಂದಿ. ಮನೆಯ ಮುಂದಿನ ಹಜಾರವೇ ಕಚೇರಿ, ಹಿಂದಿನ ಕೋಣೆಯೇ ಉಗ್ರಾಣ. ವರ್ಷಕ್ಕೆ ನಾಲ್ಕೈದು ಪುಸ್ತಕಗಳು. 2010ರಲ್ಲಿ ನಾನು 14 ಕಥೆಗಳ ಹಸ್ತಪ್ರತಿಯನ್ನು ಕಳುಹಿಸಿ, ಜೊತೆಗೆ ಮುದ್ರಣದ ವೆಚ್ಚಕ್ಕೆಂದು 50,000 ರೂಪಾಯಿ ಕೊಡಲು ಸಿದ್ಧಳಿದ್ದೇನೆಂದು ಬರೆದೆ. ನಮ್ಮಲ್ಲಿ ಅನೇಕರು ಮಾಡುವುದು ಇದನ್ನೇ. ಒಂದು ತಿಂಗಳ ಮೇಲೆ ಅವರ ಕಾಗದ ಬಂತು. ಅದರ ಸಾರಾಂಶ ಹೀಗಿತ್ತು: “ನಿಮ್ಮ ಹಣ ನಮಗೆ ಬೇಡ. ಹಣ ಕೊಟ್ಟವರಿಗೆ ‘ಈ ಕಥೆ ಚೆನ್ನಾಗಿಲ್ಲ’ ಎಂದು ಹೇಳುವುದು ಕಷ್ಟ. ಹಾಗೆ ಹೇಳುವ ಹಕ್ಕನ್ನು ಉಳಿಸಿಕೊಂಡರೆ ಮಾತ್ರ ನಾನು ಪ್ರಕಾಶಕ. ಇಲ್ಲವಾದರೆ ಮುದ್ರಣಾಲಯದ ದಲ್ಲಾಳಿ.”

ಮೊದಲು ನನಗೆ ಅವಮಾನವಾಯಿತು. ಆ ಹಕ್ಕನ್ನು ಅವರು ಚಲಾಯಿಸಲಾರಂಭಿಸಿದಾಗ ಸಿಟ್ಟೂ ಬಂತು. 14 ಕಥೆಗಳಲ್ಲಿ 5 ಕಥೆಗಳನ್ನು ಅವರು ಬದಿಗಿಟ್ಟರು. ಕಾರಣವನ್ನು ಮುಚ್ಚಿಡಲಿಲ್ಲ: “ಈ ಐದರಲ್ಲಿ ನೀವು ಊರನ್ನು ನೋಡುತ್ತಿಲ್ಲ, ಊರಿನ ನೆನಪನ್ನು ಮುದ್ದಿಸುತ್ತಿದ್ದೀರಿ.” ಉಳಿದ 9 ಕಥೆಗಳ ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿಗಳು. ಒಂದು ಕಡೆ “ಈ ಮಾತನ್ನು ಇವಳು ಆಡುತ್ತಾಳೆಯೆ?” ಇನ್ನೊಂದು ಕಡೆ “ಇಲ್ಲಿ ಯಾರೋ ಇಂಗ್ಲಿಷಿನಲ್ಲಿ ಯೋಚಿಸುತ್ತಿದ್ದಾರೆ.” ಒಂದು ಕಥೆಯ ಕೊನೆಯನ್ನು ಬದಲಿಸಬೇಕೆಂದು ಅವರು ಸೂಚಿಸಿದಾಗ ನಾನು ಒಪ್ಪಲಿಲ್ಲ. ನನ್ನ ಸೋದರತ್ತೆಯ ಬದುಕನ್ನು ಆಧರಿಸಿದ ಕಥೆ ಅದು. ಮೂರು ಭಾನುವಾರ ದೂರವಾಣಿಯಲ್ಲಿ ವಾದ ನಡೆಯಿತು. ಕೊನೆಗೆ ಅವರು, “ನೀವು ಇಷ್ಟು ಹೊತ್ತು ಕಾದಾಡುತ್ತೀರೆಂದರೆ ಅದು ನಿಮಗೆ ಗೊತ್ತಿರುವ ಸತ್ಯವೇ ಇರಬೇಕು, ಹಾಗೆಯೇ ಇರಲಿ” ಎಂದರು. ಸಂಪಾದನೆ ಎಂದರೆ ಶರಣಾಗತಿಯಲ್ಲ ಎಂಬುದನ್ನು ಅಂದು ಕಲಿತೆ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂದು ಲೇಖಕರಿಗೇ ತಿಳಿಯುವಂತೆ ಮಾಡುವ ಕೆಲಸ ಅದು.

ಇದಾದ ಮೇಲೆ ಅಕ್ಷರಜೋಡಣೆ. ಇದರ ತೊಡಕು ಗಣಕದಲ್ಲಿ ಕನ್ನಡ ಬರೆಯುವ ನಿಮಗೆಲ್ಲ ಪರಿಚಿತ. ನಾನು ಇಲ್ಲಿ ಯೂನಿಕೋಡಿನಲ್ಲಿ ಬರೆದಿದ್ದೆ. ಅಲ್ಲಿ ಪುಟವಿನ್ಯಾಸ ನಡೆಯುತ್ತಿದ್ದುದು ಪೇಜ್‌ಮೇಕರಿನಲ್ಲಿ, ನುಡಿ ಲಿಪಿಯಲ್ಲಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಅರ್ಕಾವತ್ತು ಒಂದು ಕಡೆ ಹಾರುತ್ತದೆ, ಒತ್ತಕ್ಷರ ಇನ್ನೊಂದು ಕಡೆ ಕಳಚಿಕೊಳ್ಳುತ್ತದೆ. ಯಂತ್ರ ತಪ್ಪಿದ್ದನ್ನು ಮನುಷ್ಯರ ಕಣ್ಣೇ ಹಿಡಿಯಬೇಕು. ಪ್ರಕಾಶಕರ ಪತ್ನಿ ಕರಡನ್ನು ಮೂರು ಸಲ ತಿದ್ದುತ್ತಿದ್ದರು. ಮೂರನೆಯ ಸಲ ಅರ್ಥದ ಕಡೆಗೆ ಗಮನ ಹರಿಯಬಾರದೆಂದು ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು.

ಇಷ್ಟೆಲ್ಲ ಆಗುವಷ್ಟರಲ್ಲಿ ಒಂದು ವರ್ಷ ಮೀರಿತ್ತು. ಇಲ್ಲಿಯೇ ನನ್ನ ತಾಳ್ಮೆ ಕಟ್ಟೊಡೆಯಿತು. ಅದಕ್ಕೊಂದು ಕಾರಣವಿತ್ತು. ತಿಪಟೂರಿನಲ್ಲಿದ್ದ ನನ್ನ ತಾಯಿಗೆ ಗ್ಲಾಕೋಮದಿಂದ ದೃಷ್ಟಿ ಕುಗ್ಗುತ್ತಿತ್ತು. ಈ ಕಾಯಿಲೆಯಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಇರುವುದನ್ನು ಕಾಪಾಡಿಕೊಳ್ಳಬೇಕು ಅಷ್ಟೆ. ಅವರ ಕಣ್ಣು ಪೂರ್ತಿ ಆರುವ ಮೊದಲು ಪುಸ್ತಕ ಅವರ ಕೈಸೇರಬೇಕೆಂಬುದು ನನ್ನ ಹಂಬಲ. ಅದೇ ಸಮಯದಲ್ಲಿ ಬೆಂಗಳೂರಿನ ಒಬ್ಬ ಮುದ್ರಕರು ಆರು ವಾರದಲ್ಲಿ ಸಾವಿರ ಪ್ರತಿ, ಬೇಕಾದರೆ ಬಿಡುಗಡೆ ಸಮಾರಂಭವೂ ಸೇರಿ, 70,000 ರೂಪಾಯಿಗೆ ಮಾಡಿಕೊಡುವುದಾಗಿ ಹೇಳಿದರು. ಹಸ್ತಪ್ರತಿಯನ್ನು ಹಿಂದಕ್ಕೆ ಕೇಳಿ ಪತ್ರ ಬರೆದೆ. ಕಳುಹಿಸುವ ಮೊದಲು ಬಾಯಿಮಾತಿನಲ್ಲಿ ತಿಳಿಸುವುದು ಸೌಜನ್ಯವೆಂದು ದೂರವಾಣಿ ಮಾಡಿದೆ. ಎತ್ತಿಕೊಂಡವರು ಪ್ರಕಾಶಕರ ಪತ್ನಿ. ನನ್ನ ಅವಸರದ ಕಾರಣವನ್ನು ಕೇಳಿ ಕ್ಷಣಕಾಲ ಸುಮ್ಮನಿದ್ದು, “ಮೊದಲೇ ಯಾಕಮ್ಮ ಹೇಳಲಿಲ್ಲ? ನಿಮ್ಮ ತಾಯಿಯವರ ವಿಳಾಸ ಕೊಡಿ” ಎಂದರು.

ಹತ್ತು ದಿನಗಳಲ್ಲಿ ತಿಪಟೂರಿನ ಮನೆಗೆ ಒಂದು ಕಟ್ಟು ಬಂತು. ಒಂಬತ್ತು ಕಥೆಗಳ ಕರಡನ್ನು ಅವರು ದಪ್ಪ ಅಕ್ಷರಗಳಲ್ಲಿ, ಹಾಳೆಯ ಒಂದೇ ಬದಿಗೆ ಮುದ್ರಿಸಿ ಕಳುಹಿಸಿದ್ದರು. ಜೊತೆಗೆ ಒಂದು ಕೆಂಪು ಪೆನ್ನು, “ತಪ್ಪು ಕಂಡಲ್ಲಿ ಗುರುತು ಹಾಕಿ” ಎಂಬ ಚೀಟಿ. ನನ್ನ ತಾಯಿ ಬೆಳಗಿನ ಬೆಳಕಿನಲ್ಲಿ ಬಾಗಿಲ ಬಳಿ ಕುಳಿತು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಎರಡು ತಿಂಗಳಲ್ಲಿ ಅದನ್ನು ಓದಿ ಮುಗಿಸಿದರು. ಆಮೇಲೆ ನನಗೆ ದೂರವಾಣಿ ಬಂತು. ಮೆಚ್ಚುಗೆಯ ಮಾತಿಗಾಗಿ ಕಾದಿದ್ದೆ. ಅವರು ಕೇಳಿದ್ದು: “ಅಲ್ಲವೇ, ಒರಳಿನಲ್ಲಿ ರಾಗಿ ಬೀಸೋದನ್ನ ನೀನು ಯಾವೂರಲ್ಲಿ ನೋಡಿದ್ದೆ?”

ಆ ತಪ್ಪನ್ನು ನಾನು ಬರೆದಿದ್ದೆ. ರಾಗಿ ಬೀಸುವುದು ಬೀಸುವ ಕಲ್ಲಿನಲ್ಲಿ, ಒರಳಿನಲ್ಲಿ ರುಬ್ಬುತ್ತಾರೆ ಎಂಬುದು ನಮ್ಮ ಸೀಮೆಯಲ್ಲಿ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು, ಪರದೇಶದ ಅಡುಗೆಮನೆಯಲ್ಲಿ ಅದು ಯಾವಾಗ ಮರೆಯಿತೋ ತಿಳಿಯಲಿಲ್ಲ. ನಾನು ಮತ್ತು ಪ್ರಕಾಶಕ ದಂಪತಿಗಳು ಎಷ್ಟೋ ಸಲ ಓದಿದ್ದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಅಂಥವು ಒಟ್ಟು 11 ತಪ್ಪುಗಳು ಆ ಕಟ್ಟಿನಲ್ಲಿ ಕೆಂಪಾಗಿ ಕಂಡವು. ನಾನು ಬರೆದಿಟ್ಟಿದ್ದ ಪತ್ರವನ್ನು ಹರಿದುಹಾಕಿದೆ. ಆರು ವಾರದಲ್ಲಿ ಅಚ್ಚಾಗುತ್ತಿದ್ದ ಪುಸ್ತಕದಲ್ಲಿ ಆ 11 ತಪ್ಪುಗಳು ಸಾವಿರ ಪ್ರತಿಗಳಾಗಿ ಉಳಿಯುತ್ತಿದ್ದವು, ಬದಿಗಿಟ್ಟ ಐದು ಕಥೆಗಳ ಸಮೇತ.

ಇನ್ನು ಲೆಕ್ಕಾಚಾರಕ್ಕೆ ಬರೋಣ. ‘ಎಷ್ಟು ಖರ್ಚು’ ಎಂಬ ಪ್ರಶ್ನೆಗೂ ಉತ್ತರ ಸಲ್ಲಬೇಕಲ್ಲ. ಪುಸ್ತಕವನ್ನು ಫಾರಂ ಲೆಕ್ಕದಲ್ಲಿ ಅಚ್ಚು ಹಾಕುತ್ತಾರೆ. ಒಂದು ಫಾರಂ ಎಂದರೆ 16 ಪುಟ. ನನ್ನ ಸಂಕಲನ ಡೆಮಿ 1/8 ಆಕಾರದಲ್ಲಿ 10 ಫಾರಂ, ಅಂದರೆ 160 ಪುಟ. ಕಾಗದ, ಅಚ್ಚು, ಮುಖಪುಟ, ಹೊಲಿಗೆ ಎಲ್ಲ ಸೇರಿ ಸಾವಿರ ಪ್ರತಿಗೆ 42,000 ರೂಪಾಯಿ, ಪ್ರತಿಯೊಂದಕ್ಕೆ 42. ಮುಖಬೆಲೆ 120. ಇದನ್ನು ನೋಡಿ ಪ್ರತಿಗೆ 78 ರೂಪಾಯಿ ಲಾಭವೆಂದು ನಾನು ಎಣಿಸಿದ್ದೆ. ಆದರೆ ಅಂಗಡಿಯವರಿಗೆ 40 ಪ್ರತಿಶತ ರಿಯಾಯಿತಿ ಕೊಡಬೇಕು, ಉಳಿಯುವುದು 72. ಅದರಲ್ಲಿ ಲೇಖಕರ ಗೌರವಧನ 10 ಪ್ರತಿಶತದಂತೆ 12 ರೂಪಾಯಿ. ಕೈಗೆ ಬರುವುದು 60. ಹಾಗಾದರೆ ಹಾಕಿದ 42,000 ಮರಳಿ ಬರಲು 700 ಪ್ರತಿಗಳು ಮಾರಾಟವಾಗಬೇಕು. ಉಳಿದ 300 ಪ್ರತಿಗಳೂ ಖರ್ಚಾದರೆ 18,000 ರೂಪಾಯಿ. ಅದರಲ್ಲಿ ಅಂಚೆ, ಸಾಗಣೆ, ಗೆದ್ದಲು ಹಿಡಿದ ಪ್ರತಿಗಳ ನಷ್ಟ, ಮತ್ತು ಇಬ್ಬರ ಎರಡು ವರ್ಷದ ದುಡಿಮೆ. ನನ್ನ ಪುಸ್ತಕ 700 ದಾಟಿದ್ದು ಮೂರನೆಯ ವರ್ಷದಲ್ಲಿ. ಮೊದಲ ವರ್ಷ 412 ಪ್ರತಿ ಮಾರಾಟವಾಗಿ ನನಗೆ 4,944 ರೂಪಾಯಿಯ ಚೆಕ್ಕು, ಲೆಕ್ಕದ ಹಾಳೆಯ ಸಮೇತ ಬಂತು. ಆ ಹಾಳೆಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಸಣ್ಣ ಪ್ರಕಾಶಕರು ಇಷ್ಟಾದರೂ ಉಳಿಯುವುದಕ್ಕೆ ಒಂದು ಆಧಾರ ಸಾರ್ವಜನಿಕ ಗ್ರಂಥಾಲಯಗಳು. 1965ರ ಕಾಯಿದೆಯಿಂದ ರೂಪುಗೊಂಡ ಕರ್ನಾಟಕದ ಗ್ರಂಥಾಲಯ ವ್ಯವಸ್ಥೆಯಲ್ಲಿ ಆಯ್ಕೆಯಾದ ಪುಸ್ತಕದ ಪ್ರತಿಗಳನ್ನು ಸಗಟಾಗಿ, ಪುಟವಾರು ದರದಲ್ಲಿ ಕೊಳ್ಳುವ ಯೋಜನೆಯಿದೆ. 1993ರಲ್ಲಿ ಸ್ಥಾಪನೆಗೊಂಡ ಕನ್ನಡ ಪುಸ್ತಕ ಪ್ರಾಧಿಕಾರವೂ ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ನೀಡುತ್ತ ಬಂದಿದೆ. ಆದರೆ ಸರ್ಕಾರದ ಖರೀದಿ ತಡವಾದರೆ ಮುಂದಿನ ಪುಸ್ತಕವೂ ತಡವಾಗುತ್ತದೆ. ಓದುಗರೇ ಕೊಂಡ ಪ್ರತಿಯ ಹಣ ಮಾತ್ರ ಅಂದೇ ಬರುತ್ತದೆ.

ಹೊರದೇಶದಲ್ಲಿದ್ದು ಪ್ರಕಟಿಸುವವರು ತಿಳಿದಿರಬೇಕಾದ ಕಾನೂನಿನ ಸಂಗತಿಗಳು ಕೆಲವಿವೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿದ್ದು, ಕೊಡುವವರ ಸಹಿ ಇರಬೇಕು; ಬಾಯಿಮಾತಿನ ವರ್ಗಾವಣೆಗೆ ಬೆಲೆಯಿಲ್ಲ. ಒಪ್ಪಂದದಲ್ಲಿ ಅವಧಿಯನ್ನು ಹೇಳದಿದ್ದರೆ ಅದನ್ನು 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಅದು ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಅದು ಕಳೆದುಹೋಗುತ್ತದೆ. ನನ್ನ ಪ್ರಕಾಶಕರ ಒಪ್ಪಂದ ಒಂದೇ ಪುಟದ್ದು. ಅದರಲ್ಲಿ ಪ್ರತಿಗಳ ಸಂಖ್ಯೆ, ಗೌರವಧನ, ಅವಧಿ, ಅನುವಾದದ ಹಕ್ಕು ಲೇಖಕಿಯದು ಎಂಬ ಮಾತು, ಎಲ್ಲವೂ ಸ್ಪಷ್ಟವಾಗಿದ್ದವು. ಸ್ನೇಹ ಕೆಡಬಾರದೆಂದರೆ ಕಾಗದ ಬೇಕು ಎಂಬುದು ಅವರ ಮಾತು. ಇನ್ನೊಂದು ಸಂಗತಿ: 1954ರ ಕಾಯಿದೆಯಂತೆ ಭಾರತದಲ್ಲಿ ಪ್ರಕಟವಾದ ಪ್ರತಿ ಪುಸ್ತಕವನ್ನೂ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಗ್ರಂಥಾಲಯಗಳಿಗೂ ಪ್ರಕಾಶಕರು ಕಳುಹಿಸಬೇಕು. ಇದನ್ನು ನಿಮ್ಮ ಪ್ರಕಾಶಕರು ಮಾಡುತ್ತಾರೆಯೇ ಎಂದು ಕೇಳಿ. ಉತ್ತರದಿಂದ ಅವರು ಎಂಥವರೆಂಬುದು ತಿಳಿದೀತು.

ಈಗ ಕಾಲ ಬದಲಾಗಿದೆ. ನೂರು ಪ್ರತಿಗಳನ್ನು ಮಾತ್ರ ಅಚ್ಚು ಹಾಕಿಸಬಹುದು. ಕಾಗದವೇ ಇಲ್ಲದೆ ಪುಸ್ತಕವನ್ನು ಪರದೆಯ ಮೇಲೆ ಓದಿಸಬಹುದು. ಅಚ್ಚು ಹಾಕಿಸುವುದು ಇಂದಿನಷ್ಟು ಸುಲಭ ಎಂದೂ ಆಗಿರಲಿಲ್ಲ. ಅಚ್ಚು ಸುಲಭವಾದಷ್ಟೂ ಅಚ್ಚಿನ ಮುಂಚಿನ ಓದು ದುರ್ಲಭವಾಗುತ್ತಿದೆ. ಹಣ ತೆತ್ತು ಪ್ರಕಟಿಸಿದ ಪುಸ್ತಕಗಳೆಲ್ಲ ಕಳಪೆಯೆಂದು ನಾನು ಹೇಳುತ್ತಿಲ್ಲ. ಆದರೆ ಅಂಥ ಪುಸ್ತಕಗಳನ್ನು ಸಂಘದ ಯುಗಾದಿ, ರಾಜ್ಯೋತ್ಸವಗಳಲ್ಲಿ ಬಿಡುಗಡೆ ಮಾಡಿ, ಶಾಲು ಹೊದಿಸಿ, ಉಚಿತವಾಗಿ ಹಂಚಿ, ಅನಂತರ ಅವು ಯಾರ ಮನೆಯ ಕಪಾಟಿನಲ್ಲಿಯೂ ತೆರೆಯದೆ ಉಳಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ಲೇಖಕರಿಗೆ ನಾವು ಗೌರವ ತೋರಿದೆವೆಂದು ಭಾವಿಸುತ್ತೇವೆ. ನಿಜವಾಗಿ ನೋಡಿದರೆ, ಅವರನ್ನು ಓದದೆ ಕಳುಹಿಸಿದ್ದೇವೆ.

ಆದುದರಿಂದ ನಿಮ್ಮಲ್ಲಿ ಎರಡು ಬಿನ್ನಹಗಳು. ಬರೆಯುವವರಿಗೆ ಒಂದು: ಹಸ್ತಪ್ರತಿಯನ್ನು ‘ಬೇಡ’ ಎನ್ನಬಲ್ಲವರಿಗೆ ಮೊದಲು ತೋರಿಸಿ, ಮತ್ತು ನಿಮ್ಮ ಊರಿನ ಮಾತನ್ನು ನಿಮಗಿಂತ ಚೆನ್ನಾಗಿ ಬಲ್ಲ ಹಿರಿಯರಿಗೂ ತೋರಿಸಿ. ಓದುವವರಿಗೆ ಇನ್ನೊಂದು: ಸಂಘವು ವರ್ಷಕ್ಕೊಮ್ಮೆ ಸಣ್ಣ ಪ್ರಕಾಶನವೊಂದರ ಒಂದು ಹೊಸ ಪುಸ್ತಕವನ್ನು ಆರಿಸಿ, ಪೂರ್ಣ ಬೆಲೆ ಮುಂಗಡವಾಗಿ ಕೊಟ್ಟು, 25 ಪ್ರತಿ ತರಿಸಲಿ. ನನ್ನ ಪುಸ್ತಕದ ಲೆಕ್ಕದಲ್ಲಿ ನೇರವಾಗಿ ಮಾರಿದ ಒಂದು ಪ್ರತಿಯಿಂದ ಪ್ರಕಾಶಕರಿಗೆ 60ರ ಬದಲು 108 ರೂಪಾಯಿ ಸಿಗುತ್ತದೆ. ನಮ್ಮ 25 ಪ್ರತಿ ಅಂಗಡಿಯಲ್ಲಿ ಮಾರಿದ 45 ಪ್ರತಿಗೆ ಸಮ. ಸಾಗಣೆಯ ಚಿಂತೆ ಬೇಡ. ಊರಿಂದ ಬರುವಾಗ ಹಪ್ಪಳ, ಉಪ್ಪಿನಕಾಯಿಗೆ ನಾವು ಪೆಟ್ಟಿಗೆಯಲ್ಲಿ ಜಾಗ ಮಾಡುತ್ತೇವೆ. ಒಂದು ಮನೆಯವರು ಐದು ಪುಸ್ತಕಗಳನ್ನು ತಂದರೆ ಐದು ಮನೆಗಳಿಗೆ ಮುಗಿಯಿತು. ತರಿಸಿದ ಮೇಲೆ ಒಂದು ಸಂಜೆ ಕುಳಿತು ಓದೋಣ. ಚೆನ್ನಾಗಿಲ್ಲವೆನಿಸಿದರೆ ಹಾಗೆಯೇ ಬರೆದು ತಿಳಿಸೋಣ.

ನನ್ನ ಪುಸ್ತಕ ಅಚ್ಚಾಗಿ ತಿಪಟೂರಿಗೆ ತಲಪುವ ಹೊತ್ತಿಗೆ ಅದರ ಸಣ್ಣ ಅಕ್ಷರಗಳನ್ನು ಓದುವ ಶಕ್ತಿ ನನ್ನ ತಾಯಿಯ ಕಣ್ಣಿಗೆ ಉಳಿದಿರಲಿಲ್ಲ. ಅವರು ಅದನ್ನು ಕೈಯಲ್ಲಿ ಹಿಡಿದು, “ರಾಗಿ ಕಲ್ಲು ಸರಿಮಾಡಿದೆಯಾ?” ಎಂದಷ್ಟೇ ಕೇಳಿದರು. ಮಾಡಿದ್ದೇನೆ ಎಂದೆ. ಮೂರು ವರ್ಷಗಳ ಮೇಲೆ ಅವರು ತೀರಿಕೊಂಡಾಗ ಅವರ ಪೆಟ್ಟಿಗೆಯಲ್ಲಿ ನನಗೆ ದೊರೆತದ್ದು ಆ ದಪ್ಪ ಅಕ್ಷರದ ಕರಡಿನ ಕಟ್ಟು. ಅದು ಈಗ ನನ್ನ ಬಳಿಯಿದೆ. ನನ್ನ ಪುಸ್ತಕದ ಸಾವಿರ ಪ್ರತಿಗಳಾಚೆ ಅದೂ ಒಂದು ಪ್ರತಿ. ಅದರ ಬೆಲೆಯನ್ನು ಯಾವ ಲೆಕ್ಕದ ಹಾಳೆಯಲ್ಲಿಯೂ ಪ್ರಕಾಶಕರು ಹಿಡಿಯಲಿಲ್ಲ.